ಅಂಗೈಯಿಂದ ತೊಳೆದ ಅಳತೆ

ಸೀಮೆಸುಣ್ಣದ ವಾಸನೆ ಬಂದರೆ ಮಂದಿಗೆ ಶಾಲೆ ನೆನಪಾಗುತ್ತದಂತೆ. ನಾನು ಶಾಲೆಗೆ ಹೋದದ್ದು ನಾಲ್ಕನೆಯ ಇಯತ್ತೆಯವರೆಗೆ, ಕೂತದ್ದು ಹಿಂದಿನ ಸಾಲಿನಲ್ಲಿ. ಅಷ್ಟು ಹಿಂದಕ್ಕೆ ಆ ವಾಸನೆ ಬರುತ್ತಲೇ ಇರಲಿಲ್ಲ. ನನಗೆ ಸೀಮೆಸುಣ್ಣವೆಂದರೆ ನಮ್ಮ ವರ್ಕ್‌ಶಾಪಿನ ಬಾಗಿಲ ಪಕ್ಕದ ಹಲಗೆ. ಲೇಥಿನಲ್ಲಿ ಕಡೆಯುವಾಗ ಕೆಟ್ಟುಹೋದ ಕಬ್ಬಿಣದ ಜಾಬುಗಳನ್ನು ಆ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದೆವು, ಒಂದೊಂದರ ಮೇಲೂ ಅದನ್ನು ಕೆಡಿಸಿದವನ ಹೆಸರು ಬರೆದು.

ಈಗ ಆ ವಾಸನೆ ದಿನವೂ ನನ್ನ ಮುಖಕ್ಕೇ ಬಂದು ಹತ್ತುತ್ತದೆ. ಮೊಮ್ಮಗಳು ಜೀನತ್, ನಮ್ಮ ಬಾಯಲ್ಲಿ ಜೀನು, ನಾಲ್ಕು ವರ್ಷದವಳು, ಎದ್ದವಳೇ ಸೀಮೆಸುಣ್ಣದ ತುಂಡು ಹಿಡಿದು ವರ್ಕ್‌ಶಾಪಿನ ಫರಸಿಯ ಮೇಲೆ ಬರೆಯಲು ಕೂರುತ್ತಾಳೆ. ಅವಳು ಬರೆದ ದುಂಡಗಿನದು ಚಕ್ರವೋ ರೊಟ್ಟಿಯೋ ಅವಳಿಗೇ ಗೊತ್ತಿಲ್ಲ. ನಾನು ಚಕ್ರ ಅಂದರೆ ರೊಟ್ಟಿ ಅನ್ನುತ್ತಾಳೆ, ರೊಟ್ಟಿ ಅಂದರೆ ಚಕ್ರ ಅನ್ನುತ್ತಾಳೆ. ಬರೆದು ಸಾಕಾದ ಮೇಲೆ ಎರಡೂ ಅಂಗೈಗಳನ್ನು ನನ್ನ ಗಲ್ಲಕ್ಕೆ ಒತ್ತಿ, “ನಾನಾ, ಈಗ ನಿಮ್ಮ ಗಡ್ಡ ಪೂರಾ ಬೆಳ್ಳಗಾತು” ಎಂದು ನಗುತ್ತಾಳೆ. ಅವಳ ಯಾವ ಹಲ್ಲು ಯಾವ ವಾರ ಮೂಡಿತು ಎಂದು ಬೇಕಾದರೆ ಕೇಳಿ, ಹೇಳುತ್ತೇನೆ. ಮೊದಲ ಹೆಜ್ಜೆ ಇಟ್ಟದ್ದು ಹಳೆಯ ಲೇಥಿನ ಕಾಲು ಹಿಡಿದು. ಮೊದಲ ಮಾತು ‘ಚಾ’. ಈ ವಯಸ್ಸಿನಲ್ಲಿ ಒಬ್ಬ ಮನುಷ್ಯನಿಗೆ ಇಷ್ಟು ಸಂತೋಷ ಬೇಕೋ ಬೇಡವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ, ಸುರಿದುಬಿಟ್ಟರು.

ಆದರೆ ಅದು ಮೇಲಿನಿಂದ ಸುರಿದದ್ದಲ್ಲ. ನಾನೇ ಒಂದು ಸುಳ್ಳು ಹೇಳಿ ಬರಮಾಡಿಕೊಂಡದ್ದು. ಅವಳು ಹುಟ್ಟಿದ ಆ ಮಳೆಗಾಲದಲ್ಲಿ, ಅವಳ ತಾಯಿಗೆ ಹೇಳಿದ ಸುಳ್ಳು. ಅದನ್ನೇ ಹೇಳುತ್ತಿದ್ದೇನೆ.

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ನಮ್ಮ ವರ್ಕ್‌ಶಾಪು. ಮುಂದೆ ಎರಡು ಲೇಥು, ಹಿಂದೆ ಮನೆ. ಒಂದು ಲೇಥಿಗೆ ನಾನು, ದಾವಲಸಾಬ. ಇನ್ನೊಂದಕ್ಕೆ ನನ್ನ ಪಾಲುದಾರ ಈರಪ್ಪ. ನಮಗಿಬ್ಬರಿಗೂ ಕೆಲಸ ಕಲಿಸಿದ ಉಸ್ತಾದರು ಎರಡು ರೂಢಿ ಬಿಟ್ಟುಹೋಗಿದ್ದಾರೆ. ಮೊದಲನೆಯದು ಎರಡನೇ ಕೈ. ಭಾರಿ ಜಾಬು ಬಂದರೆ, ಕೊನೆಯ ಕೊಯ್ತಕ್ಕೆ ಮೊದಲು ಒಬ್ಬ ಅಳೆದು ಅಳತೆಯನ್ನು ತನ್ನ ಅಂಗೈಯಲ್ಲಿ ಬರೆದುಕೊಂಡು ಮುಷ್ಟಿ ಮುಚ್ಚಬೇಕು. ಇನ್ನೊಬ್ಬ ಬಂದು ತಾನೂ ಅಳೆದು ತನ್ನ ಅಂಗೈಯಲ್ಲಿ ಬರೆಯಬೇಕು. ಆಮೇಲೆ ಇಬ್ಬರೂ ಒಟ್ಟಿಗೆ ಮುಷ್ಟಿ ತೆರೆಯುವುದು. ಎರಡೂ ಒಂದೇ ಇದ್ದರೆ ಕೊಯ್ಯಬೇಕು, ಇಲ್ಲದಿದ್ದರೆ ಮೊದಲಿನಿಂದ ಅಳೆಯಬೇಕು. ಒಮ್ಮೆ ಕೊಯ್ದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ. ಎರಡನೆಯ ರೂಢಿ ಆ ಹಲಗೆ. ಜಾಬು ಕೆಟ್ಟರೆ ಬೈಗುಳವಿಲ್ಲ. ಕೆಡಿಸಿದವನು ಅದರ ಮೇಲೆ ತನ್ನ ಹೆಸರು ತಾನೇ ಬರೆದು ಹಲಗೆಯ ಮೇಲಿಡಬೇಕು. ಒಂದು ವರ್ಷ ಯಾರೂ ಒರೆಸುವಂತಿಲ್ಲ.

ನನ್ನ ಮಗಳು ಶಾಹೀನ ಈ ಎರಡು ರೂಢಿಗಳ ನಡುವೆಯೇ ಬೆಳೆದವಳು. ಈರಪ್ಪ ಊಟಕ್ಕೆ ಹೋದಾಗ ನನ್ನ ಎರಡನೇ ಕೈ ಅವಳೇ. ಫ್ರಾಕಿನ ಹುಡುಗಿ ಮೈಕ್ರೋಮೀಟರ್ ಹಿಡಿದು ಅಳೆದು, ಪುಟ್ಟ ಮುಷ್ಟಿ ಬಿಗಿದು ನಿಂತಿರುತ್ತಿದ್ದಳು. ಎಂಜಿನಿಯರಿಂಗ್ ಓದಿದಳು, ಪಂಪುಗಳನ್ನು ಪರೀಕ್ಷೆ ಮಾಡುವ ಕೆಲಸ ಹಿಡಿದಳು. ಮೊದಲು ಪುಣೆ, ಆಮೇಲೆ ಮಸ್ಕತ್, ಆಮೇಲೆ ಸ್ಪೇನ್. ಸಮುದ್ರದ ನೀರನ್ನು ಸಿಹಿ ಮಾಡಿ ಬೆಟ್ಟದ ಮೇಲಿನ ಊರಿಗೆ ಏರಿಸುವ ದೊಡ್ಡ ಪಂಪುಗಳು ಅವು. ಅವು ಸರಿ ಇವೆ ಎಂದು ಕೊನೆಯ ಸಹಿ ಮಾಡುವವಳು ಇವಳು. ನಮ್ಮ ಗಲ್ಲಿಗೆ ನಲ್ಲಿಯ ನೀರು ಎಂಟು ದಿನಕ್ಕೊಮ್ಮೆ. “ನಿನ್ನ ಮಗಳು ಅರಬರಿಗೆಲ್ಲಾ ನೀರು ಕುಡಿಸಿದ್ಲು, ನಮ್ಮ ಓಣಿ ಪಾಳಿ ಯಾವಾಗ ಬರ್ತತಿ ಕೇಳಲೇ ದಾವಲ್ಯಾ” ಎಂದು ಈರಪ್ಪ ಕಾಡುತ್ತಿದ್ದ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅಳಿಯ ನದೀಮ ಯಂತ್ರಗಳ ನಕ್ಷೆ ಬಿಡಿಸುವವನು, ಕಂಪ್ಯೂಟರ್ ಇದ್ದಲ್ಲಿ ಅವನ ಕಚೇರಿ. ಅವನು ಸ್ಪೇನಿನ ಬಾಡಿಗೆ ಮನೆ ಖಾಲಿ ಮಾಡಿ ಬರಲು ಹಿಂದೆ ಉಳಿದಿದ್ದ. ಜೀನು ಹುಟ್ಟಿದ್ದು ಸುರಿಯುವ ಮಳೆಯಲ್ಲಿ. ಅವಳನ್ನು ನನ್ನ ಕೈಗೆ ಕೊಟ್ಟಾಗ ಒಂದು ಸಂಗತಿ ಆಯಿತು. ನನ್ನ ಬಲಗೈಯ ತೋರುಬೆರಳ ತುದಿ ಹಿಂದೆಂದೋ ಲೇಥಿಗೆ ಹೋಗಿದೆ. ಆ ಮೋಟು ಬೆರಳನ್ನು ನಾನು ಮಂದಿಯಲ್ಲಿ ಮಡಚಿಕೊಂಡೇ ಇರುತ್ತೇನೆ. ಕೂಸು ಸರಿಯಾಗಿ ಅದನ್ನೇ ಹುಡುಕಿ ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಮನಸ್ಸಾಗದೆ ನಾನು ಎಷ್ಟು ಹೊತ್ತು ನಿಂತೆನೋ, ಹೆಂಡತಿ ಮಾಬೂಬಿ, “ನಿಂತ ಇರ್ತೀರೇನು? ತಾಯಿ ಹತ್ರ ಕೊಡ್ರಿ ಇನ್ನ” ಎಂದಳು.

ನಮ್ಮಲ್ಲಿ ಬಾಣಂತಿಗೆ ನಲವತ್ತು ದಿನದ ಚಿಲ್ಲಾ. ಅಷ್ಟು ದಿನ ಹೊಸ್ತಿಲು ದಾಟುವಂತಿಲ್ಲ. ಮಾಬೂಬಿ ಆ ಹೊಸ್ತಿಲಿಗೆ ಪೊಲೀಸು. ಹೊರಗಿನಿಂದ ಬಂದವರು ಯಾರೇ ಇರಲಿ, ಸಾಬೂನು ಹಚ್ಚಿ ಮೊಣಕೈತನಕ ತೊಳೆಯದೆ ಕೂಸನ್ನು ಮುಟ್ಟುವ ಹಾಗಿರಲಿಲ್ಲ.

ಆ ನಲವತ್ತು ದಿನದೊಳಗೇ ಶಾಹೀನಳಿಗೆ ಎರಡು ಕಡೆಯಿಂದ ಕರೆ ಬಂತು. ಒಂದು ಚಿಲಿ ಎಂಬ ದೇಶದಿಂದ: ಅಲ್ಲಿ ಪಂಪುಗಳ ಪರೀಕ್ಷೆಗೆಲ್ಲ ಇವಳೇ ಮುಖ್ಯಸ್ಥೆ, ಕೂಸನ್ನು ಕಟ್ಟಿಕೊಂಡು ನಾಲ್ಕು ತಿಂಗಳಲ್ಲಿ ಹೊರಡಬೇಕು. ಇನ್ನೊಂದು ಧಾರವಾಡದಾಚೆ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಪಂಪಿನ ಕಾರ್ಖಾನೆಯಿಂದ. ಅದರ ಮಾಲೀಕರು ಗುರುಪಾದಪ್ಪನವರು, ಹತ್ತಿ ವ್ಯಾಪಾರದ ಮನೆತನ. ಹೊರದೇಶಕ್ಕೆ ಪಂಪು ಕಳಿಸಬೇಕೆಂಬ ಹಂಬಲ ಅವರಿಗೆ. ಹೊಸ ಪರೀಕ್ಷಾ ಶೆಡ್ಡು ಕಟ್ಟಿದ್ದೇವೆ, ಅದನ್ನು ನೀವೇ ನಡೆಸಬೇಕು ಎಂದು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಚಿಲಿಯವರಿಗೆ ಚಿಲ್ಲಾ ಮುಗಿಯುವ ಮೊದಲೇ ಉತ್ತರ ಬೇಕಾಗಿತ್ತು.

ಇಂಥ ಮಂದಿ ಕೆಲಸವನ್ನು ಹೇಗೆ ಆರಿಸುತ್ತಾರೆಂದು ನಾನು ಕಣ್ಣಾರೆ ಕಂಡದ್ದು ಆಗ. ಪಗಾರ ಎಲ್ಲಿ ಹೆಚ್ಚೋ ಅಲ್ಲಿ ಹೋಗುತ್ತಾರೆ ಎಂದು ನಾನು ಎಣಿಸಿದ್ದೆ. ಹಾಗಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಅವಳು ಬಾಣಂತಿ ಕೋಣೆಯ ಗೋಡೆಗೆ ಹಚ್ಚಿದಳು. ಅದರ ಮೇಲೆ ಒಂಬತ್ತು ಸಾಲು, ಒಂದೊಂದರ ಮುಂದೆ ಎರಡೂ ಕೆಲಸಕ್ಕೆ ಬೇರೆ ಬೇರೆ ಜಾಗ. ನನಗೆ ಓದಲು ಸುಲಭವಾಗಲೆಂದು ಕನ್ನಡದಲ್ಲೇ ಬರೆದಿದ್ದಳು. ಕೆಲಸ ಖರೆಯದೋ ತೋರಿಕೆಯದೋ. ನಾನು ‘ಬೇಡ’ ಅಂದರೆ ನಿಲ್ಲುತ್ತದೆಯೇ. ನಾನು ತಪ್ಪಿದ್ದರೆ ತಿರುಗಿ ಬರುವ ದಾರಿ ಇದೆಯೇ. ನದೀಮನ ಕೆಲಸ. ಕೂಸು. ಹೀಗೆ. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಫೋನಿನಲ್ಲಿ ಹಳೆಯ ಜೊತೆಗಾರರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದಳು. ಸ್ಪೇನಿನ ಇನೇಸ್ ಎಂಬ ಹೆಣ್ಣುಮಗಳು ಇವಳಿಗೆ ಅಕ್ಕನ ಹಾಗೆ. “ಆಕಿ ಏನಂದ್ಲು?” ಎಂದು ನಾನು ಕೇಳಿದರೆ ಶಾಹೀನ ಹೇಳಿದಳು, “ಆ ಖುರ್ಚಿ ಮ್ಯಾಲ ನಿನಗಿಂತ ಮೊದಲ ಕುಂತಾವ್ರು ಈಗ ಎಲ್ಲಿ ಅದಾರ, ಅದನ್ನ ಕೇಳು ಅಂದ್ಲು.”

ಈರಪ್ಪ ಬಾಗಿಲ ಹೊರಗೆ ನಿಂತೇ ಆ ಹಾಳೆಯನ್ನು ಓದಿ ಬೆರಗಾದ. “ನಮ್ಮನ್ನ ಯಾರ ಕೇಳಿದ್ರಪಾ? ನಮ್ಮಪ್ಪ ಕಿವಿ ಹಿಡದು ತಂದು ಲೇಥಿನ ಮುಂದ ನಿಂದರ್ಸಿದ. ಇನ್ನೂ ನಿಂತೇನಿ.”

ಎಂಟನೆಯ ಸಾಲು ಹೀಗಿತ್ತು: ಬಾಬಾ, ಅಮ್ಮಿ, ಇವರಿಗೆ ಏನು ಬೇಕು. ಶಾಹೀನ ಪೆನ್ನು ಹಿಡಿದು ಕೇಳಿದಳು. ಮಾಬೂಬಿ ಒಂದೇ ಮಾತಿನಲ್ಲಿ, “ಎಲ್ಲಿ ಇದ್ರೂ ವರ್ಷಕ್ಕ ಒಮ್ಮೆ ಕೂಸು ತೋರಸು. ಬರಕೋ” ಎಂದಳು. ನಾನು ದೊಡ್ಡ ಮನುಷ್ಯನ ಹಾಗೆ, “ನನ್ನದೇನೈತಿ ಬೇಟಾ? ನಿನ್ನ ಖುಷಿನ ನನ್ನ ಖುಷಿ. ಖಾಲಿ ಬಿಡು” ಎಂದೆ. ಅವಳು ಖಾಲಿ ಬಿಟ್ಟಳು. ಆ ಹೊತ್ತಿನಲ್ಲಿ ಕೂಸು ನನ್ನ ಮೋಟು ಬೆರಳು ಹಿಡಿದೇ ಇತ್ತು.

ಕೊನೆಗೆ ಉಳಿದದ್ದು ಮೊದಲನೆಯ ಸಾಲು. ಚಿಲಿಯ ಕೆಲಸ ಖರೆಯದು ಎಂದು ಅವಳಿಗೆ ಗೊತ್ತಿತ್ತು. ಬೇಲೂರಿನದು ಗೊತ್ತಿರಲಿಲ್ಲ. ಗುರುಪಾದಪ್ಪನವರು ಫೋಟೋ ಕಳಿಸಿದ್ದರು, ಫೋಟೋದಲ್ಲಿ ಎಲ್ಲ ಹೊಳೆಯುತ್ತಿತ್ತು. ಹೋಗಿ ನೋಡೋಣವೆಂದರೆ ಚಿಲ್ಲಾ.

“ಬಾಬಾ, ನೀವು ಹೋಗಿ ಬರ್ರಿ. ನೀವ ನನ್ನ ಎರಡನೇ ಕೈ. ಹಳೇ ಲೇಥ್ ಕೊಳ್ಳಾಕ ಹೋದಾಗ ಹೆಂಗ ನೋಡ್ತೀರಿ, ಹಂಗ ನೋಡ್ರಿ. ಅವರು ನನಗ ಏನೇನ್ ಹೇಳ್ಯಾರ, ಅದನ್ನ ನಿಮಗ ಹೇಳೂದಿಲ್ಲ. ನಿಮ್ಮ ಅಳತಿ ನೀವು ತರ್ರಿ.”

ಹಳೆಯ ಲೇಥು ಕೊಳ್ಳುವಾಗ ಬಣ್ಣ ನೋಡಬಾರದು. ಬೆಡ್ಡಿನ, ಎಂದರೆ ಲೇಥಿನ ಉದ್ದನೆಯ ಹಾಸಿನ ಮೇಲೆ, ಜಾಬು ಕಚ್ಚಿ ಹಿಡಿಯುವ ಚಕ್ಕಿನ ಹತ್ತಿರ, ಎಲ್ಲಿ ದಿನವೂ ಕೆಲಸ ನಡೆದು ಸವೆಯುತ್ತದೋ ಅಲ್ಲಿ ಬೆರಳಾಡಿಸಬೇಕು. ಅಲ್ಲಿ ತಗ್ಗು ಸಿಕ್ಕರೆ ಬಣ್ಣ ಎಷ್ಟೇ ಇದ್ದರೂ ಬಿಡಬೇಕು.

ಕೂಸಿಗೆ ಇಪ್ಪತ್ತೊಂದು ದಿನವಾದಾಗ ನಾನು ಹೊರಟೆ. ಧಾರವಾಡದಲ್ಲಿ ಬಸ್ಸು ಬದಲಿಸಿ ಬೇಲೂರಿಗೆ ಇಳಿದಾಗ ಜಿಟಿಜಿಟಿ ಮಳೆ, ರಸ್ತೆಯ ತುಂಬ ಕರಿಯ ನೀರು. ಗುರುಪಾದಪ್ಪನವರು ಬಾಗಿಲತನಕ ಬಂದು, “ಬರ್ರಿ ಸಾಬರ, ಬರ್ರಿ. ನಮ್ಮ ಮೇಡಮ್ಮರ ತಂದಿ ಅಂದ್ರ ನಮಗೂ ತಂದಿ ಇದ್ದಂಗ” ಎಂದು ಚಹಾ ತರಿಸಿದರು. ಅವಳಿಗೆಂದು ಇಟ್ಟ ಕೋಣೆ ತೋರಿಸಿದರು. ಗಾಜಿನ ಮೇಜು, ತಿರುಗುವ ಖುರ್ಚಿ. ಬಾಗಿಲ ಮೇಲೆ ಅವಳ ಹೆಸರಿನ ಹಿತ್ತಾಳೆಯ ಹಲಗೆ ಆಗಲೇ ತಯಾರಾಗಿತ್ತು, ಹೆಸರಿನ ಕೆಳಗೆ ಮಸ್ಕತ್, ಸ್ಪೇನ್ ಎಂದೂ ಕೆತ್ತಿಸಿದ್ದರು. “ಅಷ್ಟ ಓದಿದ್ರ ಸಾಕ್ರಿ, ಗಿರಾಕಿ ಮಾತಾಡೂದಿಲ್ಲ” ಎಂದರು.

“ಪರೀಕ್ಷಾ ಮಾಡೂದು ಎಲ್ಲಿ?” ಎಂದು ಕೇಳಿದೆ.

ಅವರಿಗೆ ಫೋನು ಬಂತು. ಹಿಂದಿನ ಶೆಡ್ಡಿಗೆ ನನ್ನನ್ನು ಕರೆದುಕೊಂಡು ಹೋದವನು ಹಳೆಯ ಫಿಟ್ಟರ್ ಫಕ್ಕೀರಪ್ಪ. ಲಕಮನಹಳ್ಳಿಯ ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಿದ್ದ ಕಾಲದಿಂದ ನನಗೆ ಗುರುತಿನವನು. ಶೆಡ್ಡು ಹೊಸದೇ. ನಡುವೆ ನೀರಿನ ದೊಡ್ಡ ತೊಟ್ಟಿ, ಅದರಲ್ಲಿ ನೀರಿಲ್ಲ, ಸಿಮೆಂಟಿನ ಚೀಲ ಒಟ್ಟಿದ್ದರು. ನೀರು ಹೊರಹೋಗುವ ಕಾಲುವೆಯಲ್ಲಿ ಮೊಣಕಾಲೆತ್ತರ ಹುಲ್ಲು. ಗೋಡೆಯ ಮೇಲೆ ನೀರಿನ ಒತ್ತಡ ತೋರಿಸುವ ಗೇಜು. ಪಂಪು ಇಲ್ಲ, ನೀರು ಇಲ್ಲ, ಆದರೂ ಅದರ ಮುಳ್ಳು ನಾಲ್ಕರ ಮೇಲೆ ನಿಂತಿತ್ತು. ಮೋಟು ಬೆರಳಿನಿಂದ ತಟ್ಟಿದೆ. ಅಲ್ಲಾಡಲಿಲ್ಲ.

“ಅದು ಬಂಗಾರದಂಥಾ ಗೇಜ್ ಮಿಸ್ತ್ರಿ,” ಎಂದ ಫಕ್ಕೀರಪ್ಪ. “ಮಳಿ ಇರ್ಲಿ, ಬಿಸಲ ಇರ್ಲಿ, ಒಂದ ಮಾತು. ನಾಲ್ಕು. ನಾವೂ ಎಲ್ಲಾ ಪಂಪಿಗೂ ನಾಲ್ಕು ಅಂತ ಬರೀತೇವಿ.”

“ಮತ್ತ ಸಹಿ ಯಾರ ಮಾಡ್ತಾರ?”

“ಅದಕ್ಕ ಅಲ್ಲೇನು ನಿನ್ನ ಮಗಳನ್ನ ಕರಿಯಾಕತ್ತಿದ್ದು? ಮೊದಲ ಮೂರ್ ಮಂದಿ ಬಂದ್ರು. ಎರಡ ಮಂದಿ ಸಹಿ ಮಾಡೂದಿಲ್ಲ ಅಂತ ಹ್ವಾದ್ರು, ಒಬ್ಬಂವ ಮಾಡಿ ಮಾಡಿ ಬ್ಯಾಸತ್ತು ಹ್ವಾದ.”

ಬೆಡ್ಡು ಸವೆದಿತ್ತು. ಬೆರಳಿಗೆ ತಗ್ಗು ಸಿಕ್ಕಿತ್ತು. ಅದಕ್ಕಿಂತ ಹೆಚ್ಚು ನೋಡುವುದೇನೂ ಇರಲಿಲ್ಲ. ಬಸ್ಸಿನಲ್ಲಿ ಕೂತು ರೂಢಿಯಂತೆ ಪೆನ್ನಿನಿಂದ ಎಡ ಅಂಗೈಯಲ್ಲಿ ಬರೆದುಕೊಂಡೆ: ಮುಳ್ಳು ನಾಲ್ಕು. ತೊಟ್ಟಿ ಒಣ. ಮೂರು ಮಂದಿ. ಮುಷ್ಟಿ ಮುಚ್ಚಿದೆ. ಹುಬ್ಬಳ್ಳಿಯ ತನಕ ನನ್ನ ಮನಸ್ಸು ನೆಟ್ಟಗೇ ಇತ್ತು ಎಂದು ಆಣೆ ಮಾಡಿ ಹೇಳುತ್ತೇನೆ. ಹೇಳಬೇಕೆಂದೇ ಬಂದೆ.

ಮನೆಯ ಬಾಗಿಲಲ್ಲಿ ಮಾಬೂಬಿ ತಂಬಿಗೆ, ಸಾಬೂನು ಹಿಡಿದು ನಿಂತಿದ್ದಳು. “ಎಲ್ಲೆಲ್ಲಿ ಮುಟ್ಟಿ ಬಂದೀರೋ. ತೊಳೀರಿ ಮೊದಲ.” ಒಳಗೆ ಕೂಸು ಎದ್ದು ಸಣ್ಣಗೆ ರಾಗ ತೆಗೆಯುತ್ತಿತ್ತು. ನಾನು ಮುಷ್ಟಿ ಬಿಚ್ಚಿ ಕೈ ಒಡ್ಡಿದೆ, ಅವಳು ನೀರು ಹಾಕಿದಳು, ನಾನು ತಿಕ್ಕಿದೆ. ಸುಮ್ಮನೆ ತಿಕ್ಕಿದರೆ ಪೆನ್ನಿನ ಬರಹ ಪೂರ್ತಿ ಹೋಗುವುದಿಲ್ಲ, ಮಸುಕಾಗಿ ಉಳಿಯುತ್ತದೆ. ನಾನು ಅದು ಹೋಗುವ ತನಕ ತಿಕ್ಕಿದೆ. ತಿಕ್ಕುತ್ತಿರುವುದು ನನಗೆ ಗೊತ್ತಿತ್ತು.

ಕೂಸನ್ನು ಎತ್ತಿಕೊಂಡೆ. ಅದು ರಾಗ ನಿಲ್ಲಿಸಿ ಬೆರಳು ಹುಡುಕಿತು. ಶಾಹೀನ ಹಾಸಿಗೆಯಲ್ಲೇ ಕೂತು, ಹುಡುಗಿಯಾಗಿದ್ದಾಗಿನಂತೆ ತನ್ನ ಮುಷ್ಟಿ ಮುಂದೆ ಚಾಚಿದಳು. “ಹೂಂ ಬಾಬಾ. ಅಂಗೈ ತಗೀರಿ.”

ತೆಗೆದೆ. ಸ್ವಚ್ಛವಾಗಿತ್ತು.

“ನಿಮ್ಮ ಅಮ್ಮಿ ತೊಳಸಿಬಿಟ್ಲು,” ಎಂದೆ. “ಆದ್ರ ನೆನಪೈತಿ. ಬೆಡ್ ಸಪಾಟ ಐತಿ ಬೇಟಾ. ಕೈ ಆಡಿಸಿ ನೋಡೇನಿ. ಶೆಡ್ ಹೊಸಾದು, ತೊಟ್ಟಿ ದೊಡ್ಡದು. ಛಲೋ ಐತಿ.”

ಶೆಡ್ಡು ಹೊಸದು, ತೊಟ್ಟಿ ದೊಡ್ಡದು. ಅವೆರಡೂ ಖರೆಯೇ. ಅವಳು ತನ್ನ ಮುಷ್ಟಿ ತೆರೆದಳು. ಗುರುಪಾದಪ್ಪನವರು ಹೇಳಿದ್ದನ್ನೇ ಬರೆದಿದ್ದಳು: ಹೊಸ ಶೆಡ್, ದೊಡ್ಡ ತೊಟ್ಟಿ, ಒಳ್ಳೆಯ ಸ್ಥಿತಿ. ಎರಡೂ ಕೂಡಿದವು. ನಕ್ಕಳು. ಗೋಡೆಯ ಹಾಳೆಯ ಮೊದಲ ಸಾಲಿನಲ್ಲಿ ‘ಖರೆ’ ಎಂದು ಬರೆದು, ಕಂಸದಲ್ಲಿ ‘ಬಾಬಾ’ ಎಂದು ಸೇರಿಸಿದಳು.

ಮರುದಿನ ಈರಪ್ಪ ನನ್ನ ಕೈಯನ್ನೇ ನೋಡಿದ. “ಮೂವತ್ತ ವರ್ಷದಾಗ ನಿನ್ನ ಕೈ ಇಷ್ಟ ಬೆಳ್ಳಗ ನೋಡಿದ್ದಿಲ್ಲ,” ಎಂದ. ನಾನು ಲೇಥು ಚಾಲೂ ಮಾಡಿದೆ.

ಮೂವತ್ತೈದನೆಯ ದಿನ, ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ಮಧ್ಯಾಹ್ನ, ಅವಳು ಚಿಲಿಯವರಿಗೆ ಇಲ್ಲ ಎಂದಳು. ನಾನು ಲೇಥಿಗೆ ಜಾಬು ಕಟ್ಟುತ್ತಿದ್ದೆ, ಕಿಟಕಿಯಿಂದ ಅವಳ ಇಂಗ್ಲಿಷ್ ಕೇಳುತ್ತಿತ್ತು. ನನಗೆ ತಿಳಿದದ್ದು ಎರಡೇ ಶಬ್ದ: ಮೈ ಫಾದರ್. ಅದನ್ನು ಎರಡು ಸಲ ಅಂದಳು. ನಾನು ಒಳಗೆ ಹೋಗಲಿಲ್ಲ.

ನಲವತ್ತನೆಯ ದಿನ ನೀರೆರೆದು, ಹೊಸ ಬಟ್ಟೆ ಹಾಕಿ, ಗಲ್ಲಿಯ ಮನೆಮನೆಗೂ ಶೀರಾ ಹಂಚಿದೆವು. ಮಂದಿ ಎಲ್ಲ ನನಗೇ ಮುಬಾರಕ್ ಹೇಳಿದರು: ಮಗಳು ಊರಲ್ಲೇ ಉಳಿದಳಂತೆ, ಪುಣ್ಯ ಮಾಡಿದ್ದಿ. ನಾನು ಎಲ್ಲರಿಗೂ ಎರಡೆರಡು ಸಲ ಶೀರಾ ಬಡಿಸಿದೆ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾಚಿಕೆಗೆಟ್ಟ ಕಾಲು.

ಜೀನುವಿಗೆ ಆರು ತಿಂಗಳಾದಾಗ ಶಾಹೀನ ಕೆಲಸಕ್ಕೆ ಸೇರಿದಳು. ಮೊದಲ ದಿನ ಸಂಜೆ ಬಂದವಳು ಕೈ ತೊಳೆದು ಕೂಸನ್ನು ಎತ್ತಿಕೊಂಡು, ನನ್ನ ಕಡೆ ನೋಡದೆ ಕೇಳಿದಳು, “ಬಾಬಾ, ನೀವು ಹ್ವಾದ ದಿನ ತೊಟ್ಟ್ಯಾಗ ನೀರಿತ್ತೇನು?”

“ಇತ್ತು,” ಎಂದೆ.

ಒಂದು ಸುಳ್ಳನ್ನು ನಿಲ್ಲಿಸಲು ಇನ್ನೊಂದನ್ನು ಆನಿಸಿಟ್ಟೆ. ಅವಳು ಮತ್ತೆ ಕೇಳಲಿಲ್ಲ.

ಮೂರೂವರೆ ವರ್ಷ ಹೋಯಿತು. ಮೇಲಿನ ಮಹಡಿಯಲ್ಲಿ ಅವಳ ಸಂಸಾರ, ನದೀಮನ ಕಂಪ್ಯೂಟರ್, ಕೆಳಗೆ ನಾವು. ದಿನವಿಡೀ ಜೀನು ನನ್ನವಳು. ತಾನೇ ಪರೀಕ್ಷೆ ಮಾಡದ ಪಂಪಿಗೆ ಸಹಿ ಮಾಡುವುದಿಲ್ಲವೆಂದು ಶಾಹೀನ ಹಟ ಹಿಡಿದು, ಗುರುಪಾದಪ್ಪನವರೊಡನೆ ಜಗಳಾಡಿ, ಅಷ್ಟಷ್ಟೇ ಜಾಗ ಗೆದ್ದಳು. ಬಾಗಿಲ ಮೇಲಿನ ಹಿತ್ತಾಳೆಯ ಹಲಗೆಯನ್ನು ತೆಗೆಸಿದಳು. ಚಿಲಿಗೆ ಅವಳ ಬದಲು ಹೋದವಳು ಅವಳ ಕೈಕೆಳಗೆ ಕೆಲಸ ಕಲಿತ ಹುಡುಗಿ. ಆ ಹುಡುಗಿ ಈಗ ಮೂರು ದೇಶದ ಪರೀಕ್ಷೆಗಳಿಗೆ ಮುಖ್ಯಸ್ಥೆ. ಭಾನುವಾರ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ಅತ್ತ ಹುಡುಗಿ ಸಮುದ್ರ ತೋರಿಸುತ್ತಾಳೆ, ಇತ್ತ ಇವಳು ಜೀನುವನ್ನು ತೋರಿಸುತ್ತಾಳೆ. ಮಾತು ಮುಗಿದ ಮೇಲೆ ಇವಳು ಸ್ವಲ್ಪ ಹೊತ್ತು ಫೋನನ್ನು ಕೈಯಲ್ಲೇ ಹಿಡಿದಿರುತ್ತಾಳೆ. ಅದನ್ನು ಮೊದಲ ಸಲ ಕಂಡ ಮೇಲೆ ನಾನು ಭಾನುವಾರ ಹೊರಗೆ ಹೋಗಲು ಏನಾದರೂ ನೆವ ಹುಡುಕುತ್ತೇನೆ.

ಕಳೆದ ವಾರ ಮಳೆ ಹಿಡಿದಿತ್ತು. ಜೀನು ತನ್ನ ಅಮ್ಮಿಯ ಪಂಪು ನೋಡಬೇಕೆಂದು ಹಟ ಮಾಡಿದಳು. ನಾಲ್ಕು ವರ್ಷದಲ್ಲಿ ನಾನು ಆ ಕಡೆ ಹೋಗಿರಲಿಲ್ಲ. ಅವಳ ಹಟಕ್ಕೆ ಹೋದೆ. ಮತ್ತೆ ಅದೇ ಜಿಟಿಜಿಟಿ, ಅದೇ ಕರಿಯ ನೀರು. ತೊಟ್ಟಿಯಲ್ಲಿ ಈಗ ನೀರಿತ್ತು, ಒಂದು ಪಂಪು ಓಡುತ್ತಿತ್ತು. ಶಾಹೀನ ಮಗಳನ್ನು ಎತ್ತಿ ಹೊಸ ಗೇಜಿನ ಮುಂದೆ ಹಿಡಿದಳು, ಪಂಪು ನಿಲ್ಲಿಸಲು ಹೇಳಿದಳು.

“ನೋಡು ಜೀನು. ಪಂಪ್ ನಿಂತ ಮ್ಯಾಲ ಮುಳ್ಳು ಸೊನ್ನಿಗೆ ಬರಬೇಕು. ಬರಲಿಲ್ಲಂದ್ರ ಅದು ಸುಳ್ಳ ಮುಳ್ಳು.”

“ಸುಳ್ಳ ಮುಳ್ಳು,” ಎಂದಳು ಜೀನು ಖುಷಿಯಿಂದ, ನನ್ನ ಕಡೆ ನೋಡಿ.

ಶಾಹೀನಳ ಕೋಣೆಗೆ ಹೋಗಿ ಕೂತೆವು. ಮೇಜಿನ ಮೇಲೆ ಕಾಗದ ಹಾರದಂತೆ ಭಾರಕ್ಕೆ ಒಂದು ವಸ್ತು ಇಟ್ಟಿದ್ದಳು. ಹಳೆಯ ಗೇಜು. ಮುಳ್ಳು ನಾಲ್ಕರ ಮೇಲೆ. ಅದರ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಹೆಸರು: ಶಾಹೀನ.

“ಇದರ ಮ್ಯಾಲ ನಿನ್ನ ಹೆಸರ ಯಾಕ?” ಎಂದೆ.

“ನಮ್ಮ ರೂಢಿನ ಅಲ್ರಿ ಬಾಬಾ?” ಎಂದಳು ಕಾಗದ ನೋಡುತ್ತಲೇ. “ನೀವು ನೋಡಿದಾಗ ಎಲ್ಲಾ ಸರೀನ ಇತ್ತು. ಐದು ತಿಂಗಳದಾಗ ಇವರು ಕೆಡಿಸಿದ್ರು. ಸೇರೂ ಮುಂದ ನಾ ಒಮ್ಮೆ ಬಂದು ಅಳಿಬೇಕಿತ್ತು, ಅಳೀಲಿಲ್ಲ. ತಪ್ಪು ನಂದ.”

“ವರ್ಷ ಆದ ಮ್ಯಾಲ ಒರಸಬೋದು.”

“ಇಲ್ಲಿ ಎಲ್ಲಾ ಪಂಪೂ ಖರೇ ಪರೀಕ್ಷಾ ಆಗೂತನ ಒರಸೂದಿಲ್ಲ ಅಂತ ಇಟ್ಕೊಂಡೇನಿ. ಇನ್ನೂ ಅರ್ಧಾ ಆಗಿಲ್ಲ.”

ಸೀಮೆಸುಣ್ಣದ ಅಕ್ಷರ ಇಷ್ಟು ವರ್ಷ ಉಳಿಯುವುದಿಲ್ಲ. ಮಾಸಿದಾಗಲೆಲ್ಲ ಮತ್ತೆ ಮತ್ತೆ ಬರೆದಿದ್ದಾಳೆ. ನಾನು ಮನೆಯಲ್ಲಿ ಮೊಮ್ಮಗಳ ಹಲ್ಲು ಎಣಿಸುತ್ತಿದ್ದಾಗ ಇವಳು ಇಲ್ಲಿ ಕೂತು, ನನ್ನನ್ನು ಕಾಪಾಡುವ ಕಾರಣವನ್ನು ತಾನೇ ಹುಟ್ಟಿಸಿಕೊಂಡು, ನನ್ನ ತಪ್ಪಿನ ಮೇಲೆ ತನ್ನ ಹೆಸರು ತಿದ್ದುತ್ತಿದ್ದಳು.

ಜೀನುವಿನ ಫ್ರಾಕಿನ ಜೇಬಿನಲ್ಲಿ ಸೀಮೆಸುಣ್ಣದ ತುಂಡು ಇದ್ದೇ ಇರುತ್ತದೆ. ತೆಗೆದುಕೊಂಡೆ. ಅಂಗಿಯ ತೋಳಿನಿಂದ ಗಾಜನ್ನು ಒರೆಸಿದೆ. ನಾಲ್ಕನೆಯ ಇಯತ್ತೆ ನನಗೆ ಹೆಚ್ಚೇನೂ ಕೊಡಲಿಲ್ಲ, ಆದರೆ ನನ್ನ ಹೆಸರನ್ನು ದುಂಡಗೆ ಬರೆಯುವುದು ಕಲಿಸಿತ್ತು. ದಾವಲಸಾಬ ಎಂದು ಬರೆದು ಗೇಜನ್ನು ಅವಳ ಮುಂದಿಟ್ಟೆ.

ಶಾಹೀನ ಓದಿದಳು. ಕಾಗದ ಬದಿಗಿಟ್ಟಳು. ವರ್ಕ್‌ಶಾಪಿನಲ್ಲಿ ಅಳತೆ ಕೇಳುವ ದನಿಯಲ್ಲಿ ಕೇಳಿದಳು, “ಮುಳ್ಳು ಎಷ್ಟರ ಮ್ಯಾಲಿತ್ತು?”

“ನಾಲ್ಕು.”

“ತೊಟ್ಟಿ?”

“ಒಣಗಿತ್ತು. ಸಿಮೆಂಟಿನ ಚೀಲ ಇದ್ವು.”

“ಮೊದಲಿದ್ದಾವ್ರು?”

“ಮೂರ್ ಮಂದಿ ಬಿಟ್ಟು ಹೋಗಿದ್ರು. ಫಕ್ಕೀರಪ್ಪ ಹೇಳಿದ್ದ.”

“ಅಂಗೈ ಅಮ್ಮಿ ತೊಳಸಿದ್ಲೋ, ನೀವು ತೊಳಕೊಂಡ್ರೋ?”

“ನಾನ ತಿಕ್ಕಿ ತೊಳಕೊಂಡೆ.”

ಜೀನು ಮೇಜಿನ ಕೆಳಗೆ ಕೂತು ಫರಸಿಯ ಮೇಲೆ ರೊಟ್ಟಿ ಬರೆಯುತ್ತಿದ್ದಳು. ಶಾಹೀನ ಅವಳ ತಲೆಯನ್ನೇ ನೋಡುತ್ತ ಅಂದಳು, “ಇರು ಅಂದಿದ್ರ ನಾ ಇರ್ತಿದ್ನೇನೋ. ಹೋಗ್ತಿದ್ನೇನೋ. ಈಗ ಯಾರಿಗೆ ಗೊತ್ತು? ಆದ್ರ ಬಾಬಾ, ಹಾಳ್ಯಾಗ ಅದಕ್ಕಂತನ ಒಂದು ಸಾಲು ಬಿಟ್ಟಿದ್ದೆ. ನಿಮಗೇನ್ ಬೇಕು ಅಂತ ಕೇಳಿದ್ದೆ. ಅಲ್ಲಿ ಖಾಲಿ ಬಿಡು ಅಂದು, ನಿಮ್ಮ ಆಸೇನ ಮೊದಲನೇ ಸಾಲಿನ್ಯಾಗ ಬರಸಿದ್ರಿ. ನಾ ಅದನ್ನ ಅಳತಿ ಅಂತ ತಿಳಕೊಂಡೆ.”

ತಂದೆ ಆಸೆಯನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಸಣ್ಣವನಾಗುತ್ತಾನೆ ಎಂದು ತಿಳಿದಿದ್ದೆ.

ಆಮೇಲೆ ಶಾಹೀನ ಎರಡು ದಿನ ಕೆಳಗೆ ಚಹಾಕ್ಕೆ ಬರಲಿಲ್ಲ. ಮೂರನೆಯ ದಿನ ಗೇಜನ್ನು ತಂದು ನನ್ನ ಕೈಗೆ ಕೊಟ್ಟು, “ಹಲಗಿ ಮ್ಯಾಲ ಇಡ್ರಿ. ರೂಢಿ ಅಂದ್ರ ರೂಢಿ,” ಎಂದಳು. ಈರಪ್ಪ ಹೆಸರು ಓದಿ, ನನ್ನ ಮುಖ ನೋಡಿ, ಹಲಗೆಯ ಧೂಳು ಒರೆಸಿ ಜಾಗ ಮಾಡಿಕೊಟ್ಟ.

ಈಗ ಮಹಡಿಯ ಗೋಡೆಯ ಮೇಲೆ ಮತ್ತೊಂದು ಹಾಳೆ ಇದೆ. ಇನೇಸ್ ಮತ್ತೆ ಕರೆದಿದ್ದಾಳೆ, ಸ್ಪೇನಿಗೆ. ಮೊದಲಿನಷ್ಟು ದೊಡ್ಡ ಖುರ್ಚಿಯಲ್ಲ, ಆದರೆ ಖರೆಯ ಕೆಲಸ. ಈ ಸಲ ಅವಳು ಎರಡನೇ ಕೈ ಎಂದು ಆರಿಸಿಕೊಂಡದ್ದು ತನ್ನ ಅಮ್ಮಿಯನ್ನು. ಮಾಬೂಬಿಗೆ ಅದರಿಂದ ಗತ್ತು ಬಂದಿದೆ. ನನಗೆ ಕೊಟ್ಟದ್ದು ಒಂದೇ ಸಾಲು, ಎಂಟನೆಯದು. ನಿನ್ನೆ ಪೆನ್ನು ಕೊಟ್ಟು ಪಕ್ಕದಲ್ಲೇ ನಿಂತಳು. ನಾನು ನನ್ನ ಸೊಟ್ಟ ಅಕ್ಷರದಲ್ಲಿ ಬರೆದೆ: ಜೀನು ಇಲ್ಲೇ ಇರಬೇಕು. ಬರೆದಾಗ ನಾಚಿಕೆಯಾಯಿತು, ಆದರೂ ಬರೆದೆ. ಅವಳು ಓದಿ, “ಹೂಂ” ಎಂದಳು. ಒಂಬತ್ತು ಸಾಲಿನಲ್ಲಿ ಅದು ಒಂದು ಸಾಲು, ಅಷ್ಟೇ. ಉಳಿದ ಎಂಟರ ಮುಂದೆ ಏನು ಬರೆದಿದೆ ಎಂದು ನಾನು ನೋಡಲಿಲ್ಲ.

ಜೀನು ಅಕ್ಷರ ಕಲಿಯುತ್ತಿದ್ದಾಳೆ. ಹಲಗೆಯ ಮೇಲಿನ ಹೆಸರನ್ನು ಓದುವುದೆಂದರೆ ಅವಳಿಗೆ ಹಬ್ಬ. ಬಂದ ಗಿರಾಕಿಗೆಲ್ಲ ಬೆರಳಿಟ್ಟು, “ದಾ, ವ, ಲ, ಸಾ, ಬ” ಎಂದು ಓದಿ ತೋರಿಸುತ್ತಾಳೆ. ಇವತ್ತು ಬೆಳಗ್ಗೆ ಶಾಫ್ಟು ಕೊಡಲು ಬಂದವರು ಅದನ್ನು ನೋಡಿ, “ಇದು ಮಾರೂ ಗೇಜ್ ಏನ್ರಿ ಮಿಸ್ತ್ರಿ?” ಎಂದು ಕೈಗೆ ಎತ್ತಿಕೊಂಡು ಹೆಬ್ಬೆರಳಿನಿಂದ ಗಾಜು ಒರೆಸಲು ಹೋದರು. ನಾನು ಬಾಯಿ ತೆರೆಯುವುದರೊಳಗೆ ಜೀನು ಅವರ ಅಂಗಿ ಹಿಡಿದು ಎಳೆದಳು.

“ಒರಸಬ್ಯಾಡ್ರಿ ಕಾಕಾ,” ಎಂದಳು. “ಅದು ನಮ್ಮ ನಾನಾನ ತಪ್ಪು.”